ಮೊದಲು ಪುಸ್ತಕ, ಆಮೇಲೆ ವಿಡಿಯೋ

ಪ್ರೋಗ್ರಾಮಿಂಗ್ ಕಲಿಯಲು ಆನ್‌ಲೈನ್ ಕೋರ್ಸ್ ಒಳ್ಳೆಯದೋ, ಪುಸ್ತಕ ಹಿಡಿದು ತಾವೇ ಕಲಿಯುವುದು ಒಳ್ಳೆಯದೋ ಎಂಬ ಚರ್ಚೆ ನಮ್ಮ ತರಗತಿಯಲ್ಲಿ ಆಗಾಗ ನಡೆಯುತ್ತದೆ. ಹೆಚ್ಚಿನವರ ಮತ ಆನ್‌ಲೈನ್ ಕೋರ್ಸ್‌ಗೆ. ನನ್ನ ಮತ ಪುಸ್ತಕಕ್ಕೆ. ಯಾಕೆಂದು ಹೇಳುತ್ತೇನೆ.

ಆನ್‌ಲೈನ್ ಕೋರ್ಸ್‌ಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ ಕೇಂದ್ರ ಸರ್ಕಾರದ ಸ್ವಯಂ, ಇವುಗಳಿಂದ ಯಲ್ಲದಕೆರೆಯಲ್ಲಿ ಕುಳಿತವರೂ ಐಐಟಿ ಪ್ರಾಧ್ಯಾಪಕರ ಪಾಠವನ್ನು ಉಚಿತವಾಗಿ ಕೇಳಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕೆಂದರೆ ಮಾತ್ರ ಶುಲ್ಕ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಪಾಠಗಳಿವೆ. ಹತ್ತನೇ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪುಸ್ತಕದ ಮೊದಲ ಪುಟವೇ ಕಷ್ಟ. ಅವರಿಗೆ ಇದು ದೊಡ್ಡ ಸಹಾಯ.

ಆದರೆ ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಕಂಪ್ಯೂಟರ್ ಇದೆ? ಹಲವರ ಮನೆಯಲ್ಲಿ ಇರುವುದು ಎಲ್ಲರಿಗೂ ಸೇರಿ ಒಂದೇ ಫೋನ್. ಸ್ಪೋಕನ್ ಟ್ಯುಟೋರಿಯಲ್‌ನವರೇ, ಪಾಠ ನೋಡುತ್ತಾ ಪಕ್ಕದಲ್ಲೇ ಮಾಡಿ ನೋಡಬೇಕು ಎನ್ನುತ್ತಾರೆ. ವಿಡಿಯೋ ಓಡುತ್ತಿರುವ ಸಣ್ಣ ಪರದೆಯಲ್ಲೇ ಕೋಡ್ ಬರೆಯುವುದು ಹೇಗೆ? ಹಾಗಾಗಿ ನೋಡುತ್ತೇವೆ, ತಲೆಯಾಡಿಸುತ್ತೇವೆ, ಮುಂದಿನ ವಿಡಿಯೋಗೆ ಹೋಗುತ್ತೇವೆ. ಕೋರ್ಸ್ ಮುಗಿಯುತ್ತದೆ, ಪ್ರೋಗ್ರಾಂ ಬರೆಯಲು ಬರುವುದಿಲ್ಲ.

ಒಂದು ಉದಾಹರಣೆ ನೋಡಿ. ಪೈಥಾನ್‌ನ ಫಾರ್ ಲೂಪ್‌ನಲ್ಲಿ ರೇಂಜ್‌ಗೆ 1 ಮತ್ತು 5 ಎಂದು ಕೊಟ್ಟರೆ ಅದು 1, 2, 3, 4ಕ್ಕೆ ನಿಲ್ಲುತ್ತದೆ. 5 ಬರುವುದಿಲ್ಲ. ವಿಡಿಯೋದಲ್ಲಿ ಈ ಮಾತು ಕ್ಷಣದಲ್ಲಿ ದಾಟಿಹೋಗುತ್ತದೆ. ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆದು, ಪ್ರತಿ ಸುತ್ತಿನ ಸಂಖ್ಯೆ ಒಂದರಲ್ಲಿ, ಅಲ್ಲಿವರೆಗಿನ ಮೊತ್ತ ಇನ್ನೊಂದರಲ್ಲಿ ಬರೆಯುತ್ತಾ ಹೋಗಿ. ಮೊತ್ತ 15 ಅಲ್ಲ, 10 ಎಂದು ನಿಮ್ಮ ಕೈಯೇ ಹೇಳುತ್ತದೆ. ಇದಕ್ಕೆ ಕರೆಂಟೂ ಬೇಡ, ಡೇಟಾವೂ ಬೇಡ. ಅಲ್ಗಾರಿದಂ ಎಂಬ ಪದ ಬಂದದ್ದೇ ಒಂಬತ್ತನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ ಅವರ ಹೆಸರಿನಿಂದ. ಲೆಕ್ಕದ ಹಂತಗಳನ್ನು ಅವರು ಬರೆದಿಟ್ಟದ್ದು ಪುಸ್ತಕದಲ್ಲಿ.

ಪುಸ್ತಕಕ್ಕೂ ಮಿತಿಯಿದೆ. ಪೈಥಾನ್ 2ರ ಪುಸ್ತಕಗಳಲ್ಲಿ ಪ್ರಿಂಟ್ ಮುಂದೆ ಬ್ರಾಕೆಟ್ ಇಲ್ಲದೆಯೂ ಬರೆದಿರುತ್ತಾರೆ. ಪೈಥಾನ್ 3ರಲ್ಲಿ ಹಾಗೆ ಬರೆದರೆ ಎರರ್ ಬರುತ್ತದೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೇ ಮುಗಿದಿದೆ. ಆದ್ದರಿಂದ ಯಾವ ಆವೃತ್ತಿಯ ಪುಸ್ತಕ ಎಂದು ನೋಡಿಯೇ ತೆಗೆದುಕೊಳ್ಳಿ. ಓದುವಾಗ ಎಲ್ಲಿಯಾದರೂ ಸಿಕ್ಕಿಬಿದ್ದರೆ, ಆ ಒಂದು ವಿಷಯದ ವಿಡಿಯೋ ಹುಡುಕಿ ನೋಡಿ, ಮತ್ತೆ ಪುಸ್ತಕಕ್ಕೆ ಬನ್ನಿ.

ಸ್ನೇಹಿತರಲ್ಲಿ ನನ್ನ ಮನವಿ ಇಷ್ಟೇ. ಮುಂದಿನ ವಿಡಿಯೋ ಒತ್ತುವ ಮೊದಲು ಫೋನ್ ಪಕ್ಕಕ್ಕಿಟ್ಟು, ಈಗ ನೋಡಿದ ಪ್ರೋಗ್ರಾಂ ಅನ್ನು ಹಾಳೆಯ ಮೇಲೆ ಬರೆಯಿರಿ. ಬರೆಯಲು ಬಂದರೆ ಮುಂದೆ ಹೋಗಿ.

ಉಪನ್ಯಾಸಕರಲ್ಲಿ ಎರಡು ಕೋರಿಕೆ. ಪ್ರೋಗ್ರಾಮಿಂಗ್ ಪುಸ್ತಕಗಳನ್ನು ಗ್ರಂಥಾಲಯದಿಂದ ಒಂದು ವಾರ ಮನೆಗೆ ಕೊಡಿ. ಸಂಜೆ ಬಸ್ಸಿಗೆ ಓಡಬೇಕಾದವರೂ ಇದ್ದಾರೆ, ಆದ್ದರಿಂದ ಶುಕ್ರವಾರ ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಲ್ಯಾಬ್ ತೆರೆದಿಡಿ. ಹಾಳೆಯಲ್ಲಿ ಬರೆದು ತಂದದ್ದನ್ನು ಟೈಪ್ ಮಾಡಿ ನೋಡಲು ಅಷ್ಟು ಸಮಯ ಸಾಕು.