ಒಂಬತ್ತು ಕ್ರೆಡಿಟ್ಟಿನ ಲೆಕ್ಕ

ಮೊನ್ನೆ ಆರನೇ ಕ್ಲಾಸಿನ ಮೊಮ್ಮಗಳು ಕೇಳಿದಳು: "ಅಜ್ಜ, ಅಣ್ಣನ ಒಂಬತ್ತು ಕ್ರೆಡಿಟ್ ಹೋಯಿತಂತೆ. ಎಲ್ಲಿ ಬಿದ್ದುಹೋಯಿತು? ಬಸ್ಸಿನಲ್ಲಾ?"

ಜೀವಮಾನವಿಡೀ ಬ್ಯಾಂಕಿನಲ್ಲಿ ಡೆಬಿಟ್, ಕ್ರೆಡಿಟ್ ಬರೆದವನು ನಾನು. ಆದರೂ ಅವಳಿಗೆ ಉತ್ತರ ಹೇಳಲು ಸ್ವಲ್ಪ ತಡವರಿಸಿದೆ.

ಅಣ್ಣ ಎಂದರೆ ನನ್ನ ಮಗಳ ಮಗ. ಅವರ ಮನೆ ಬೆಳ್ತಂಗಡಿ ತಾಲೂಕಿನ ವೇಣೂರಿನ ಕಡೆ, ಸ್ವಲ್ಪ ಅಡಿಕೆ ತೋಟ, ಎರಡು ದನ. ಹುಡುಗ ತಮಿಳುನಾಡಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಸೇರಿದ್ದ. ಒಂದು ವರ್ಷ ಮುಗಿಯುವಷ್ಟರಲ್ಲಿ ಅಳಿಯನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಏಳುವುದಿಲ್ಲ, ಮಾತು ತೊದಲು. ಮಗಳು ಒಬ್ಬಳೇ. "ನಾನು ಊರಿಗೆ ಬರುತ್ತೇನೆ ಅಜ್ಜ, ಮೂಡುಬಿದಿರೆ ಕಡೆಯ ಯಾವುದಾದರೂ ಕಾಲೇಜಿಗೆ ಸೇರಿದರೆ ದಿನಾ ಮನೆಯಿಂದ ಹೋಗಿ ಬರಬಹುದು" ಎಂದು ಫೋನ್ ಮಾಡಿದ. ನನಗೂ ಸರಿ ಎನಿಸಿತು. ಒಂದು ಶಾಖೆಯಿಂದ ಇನ್ನೊಂದಕ್ಕೆ ಖಾತೆ ವರ್ಗ ಮಾಡಿದ ಹಾಗೆ ಎಂದುಕೊಂಡೆ.

ಬೆಳ್ತಂಗಡಿ ಶಾಖೆಯಲ್ಲಿ ನಾನಿದ್ದಾಗ ಯಾರಾದರೂ ಮೇಷ್ಟ್ರಿಗೆ ಬಂಟ್ವಾಳಕ್ಕೆ ವರ್ಗವಾದರೆ ಅವರ ಉಳಿತಾಯ ಖಾತೆಯೂ ಹಿಂದೆಯೇ ಹೋಗುತ್ತಿತ್ತು. ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟರ ತನಕ ಲೆಡ್ಜರ್ ತಿರುವುತ್ತಿದ್ದೆವು. ಅಷ್ಟೇಕೆ, ನಮ್ಮ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ, ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋದವು. ನಮಗೆ ಹೊಟ್ಟೆ ಉರಿಯಿತು ನಿಜ, ಆದರೆ ಯಾರ ಪಾಸ್‌ಬುಕ್ಕಿನಿಂದಲೂ ಹತ್ತು ಪೈಸೆ ಕಡಿಮೆಯಾಗಲಿಲ್ಲ.

ವಿಶ್ವವಿದ್ಯಾಲಯದ ಲೆಕ್ಕ ಹಾಗಲ್ಲ.

ಮಕ್ಕಳೇ, ಕ್ರೆಡಿಟ್ ಎಂದರೆ ಇಷ್ಟೇ. ಒಂದು ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ಗಂಟೆ ಪಾಠ ಕೇಳಿ ಪಾಸಾದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ಇಂಥ ಸುಮಾರು 160 ಕ್ರೆಡಿಟ್ ನಾಲ್ಕು ವರ್ಷದಲ್ಲಿ ಕೂಡಿಸಿದರೆ ಬಿ.ಇ. ನಮ್ಮ ಹುಡುಗ ಎರಡು ಸೆಮಿಸ್ಟರಿನಲ್ಲಿ 40 ಕೂಡಿಸಿದ್ದ.

ನಾನು ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಹೋದೆ, ಅವನು ವೇಣೂರಿನಿಂದ ಬಂದ. ಕೈಯಲ್ಲಿ ಅಂಕಪಟ್ಟಿ, ವರ್ಗಾವಣೆ ಪತ್ರ, ವಲಸೆ ಪತ್ರ, ನಿರಾಕ್ಷೇಪಣಾ ಪತ್ರ, ಪುಟಪುಟಕ್ಕೂ ಮೊಹರು ಹಾಕಿಸಿದ ಪಠ್ಯಕ್ರಮದ ಕಟ್ಟು. ಆಫೀಸಿನ ಗುಮಾಸ್ತರು ಒಳ್ಳೆಯ ಮನುಷ್ಯ, ನನ್ನ ಜಾತಿಯವರೇ ಅನ್ನಿ, ಗುಮಾಸ್ತರ ಜಾತಿ. ಎರಡು ಪಠ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದರು. ಕೊನೆಗೆ ಪಟ್ಟಿ ಬಂದಾಗ 31 ಮಾತ್ರ ಉಳಿದಿತ್ತು. ಅವನು ಅಲ್ಲಿ ಪೈಥಾನ್ ಕಲಿತಿದ್ದ, ಇಲ್ಲಿ 'ಸಿ' ಬೇಕು: ಮೂರು ಹೋಯಿತು. ಎಲೆಕ್ಟ್ರಾನಿಕ್ಸಿನ ಪಾಠದಲ್ಲಿ ಅರ್ಧ ಬೇರೆ: ಇನ್ನೂ ಮೂರು. ಮತ್ತೊಂದು ವಿಷಯದ್ದು ಎರಡು. ಕೊನೆಯದು ಒಂದೇ ಕ್ರೆಡಿಟ್ಟಿನದು: ಅಲ್ಲಿ ಅವನು ತಮಿಳರ ಪರಂಪರೆಯ ಬಗ್ಗೆ ಓದಿದ್ದ, ಇಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ 'ಸಾಂಸ್ಕೃತಿಕ ಕನ್ನಡ' ಬೇಕು. ಮೂರನೇ ಕ್ಲಾಸಿನಿಂದ ಇದೇ ವಾರಪತ್ರಿಕೆ ಓದಿದ ಹುಡುಗ ಕನ್ನಡದಲ್ಲಿ ಬಾಕಿ!

ನಾನು ನಕ್ಕೆ. ಅವನು ನಗಲಿಲ್ಲ. "ಹಳೆಯ ಕಾಲೇಜಿನಿಂದ ಟಿ.ಸಿ. ತಂದಾಗಿದೆ ಅಜ್ಜ, ಇನ್ನು ಹಿಂದೆ ಹೋಗುವ ಹಾಗಿಲ್ಲ" ಎಂದ.

ನನ್ನ ದೂರು ಇರುವುದು ಅಲ್ಲೇ. ಪಾಠಗಳು ಬೇರೆ ಎನ್ನುವುದು ಒಪ್ಪುವ ಮಾತು. ರೂಪಾಯಿ ಎಲ್ಲ ಕಡೆ ರೂಪಾಯಿಯೇ, ಪಾಠ ಹಾಗಲ್ಲ. ಆದರೆ ಎಷ್ಟು ಹೋಗುತ್ತದೆ ಎಂದು ಟಿ.ಸಿ. ತೆಗೆಯುವ ಮೊದಲು ಒಂದು ಕಾಗದದಲ್ಲಿ ಬರೆದು ಕೊಡಬಾರದೇ? ಕೇಳದೆ ಇದ್ದದ್ದು ನನ್ನ ತಪ್ಪೂ ಹೌದು. ಮನೆಯಲ್ಲಿ ಇಂಥ ಸಂದರ್ಭ ಬಂದ ಅಜ್ಜಂದಿರು ಮೊದಲು ಕೇಳಿ.

ಇನ್ನೊಂದು ಸೋಜಿಗ. ನಾನು ಬಿ.ಕಾಂ. ಓದುವಾಗ ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿತು, ಕಾಲೇಜುಗಳು ಅದಕ್ಕೆ ಹೋದವು. 1998ರಲ್ಲಿ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಬಂತು, ಇಂಜಿನಿಯರಿಂಗ್ ಕಾಲೇಜುಗಳು ಆ ಕಡೆ ಹೋದವು. ಕಾಲೇಜಿಗೆ ಕಾಲೇಜೇ ವರ್ಗವಾಗಬಹುದು, ಕಟ್ಟಡಕ್ಕೆ ಯಾರೂ ಬಾಕಿ ಪರೀಕ್ಷೆ ಬರೆಸುವುದಿಲ್ಲ.

ಈಗ ಇದಕ್ಕೂ ಒಂದು ಬ್ಯಾಂಕ್ ಇದೆ. ಯು.ಜಿ.ಸಿ. 2021ರಲ್ಲಿ ತಂದ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್'. ಹೆಸರು ಕೇಳಿ ಖುಷಿಯಾಗಿ ಮೊಮ್ಮಗನ ಮೊಬೈಲಿನಲ್ಲಿ ಅವನ ಖಾತೆ ತೆಗೆಸಿ ನೋಡಿದೆ. ಹನ್ನೆರಡು ಅಂಕಿಯ ಖಾತೆ ಸಂಖ್ಯೆ. ಆದರೆ ಖಾತೆದಾರನೇ ಹೋಗಿ ಜಮಾ ಮಾಡುವ ಹಾಗಿಲ್ಲ, ಕಾಲೇಜಿನವರೇ ಮಾಡಬೇಕು. ಸಾಮಾನ್ಯವಾಗಿ ಏಳು ವರ್ಷ ಮಾತ್ರ ಬಾಳಿಕೆ. ಅವನ 40 ಅಲ್ಲಿ ಭದ್ರವಾಗಿ ಇತ್ತು. ಇದ್ದರೇನು, ಈ ಕೌಂಟರಿನಲ್ಲಿ 31 ಮಾತ್ರ ನಡೆಯುತ್ತದೆ.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತ ಲೆಕ್ಕ ಹಾಕಿದೆವು. ವಾರಕ್ಕೆ ಒಂಬತ್ತು ಗಂಟೆ, ಸೆಮಿಸ್ಟರಿಗೆ ಹದಿನೈದು ವಾರ ಎಂದು ಹಿಡಿದರೆ 135 ಗಂಟೆ. "ಅಷ್ಟೇಯಾ?" ಎಂದ. ಬೆಳಿಗ್ಗೆ ದನಕ್ಕೆ ಹುಲ್ಲು ಹಾಕಿ, ಅಪ್ಪನನ್ನು ಸ್ನಾನ ಮಾಡಿಸಿ, ಏಳು ಗಂಟೆಯ ಬಸ್ಸು ಹಿಡಿಯುವವನಿಗೆ 135 ಗಂಟೆ ಎಲ್ಲಿಂದ ಬರಬೇಕು ಎಂದು ನಾನು ಕೇಳಲಿಲ್ಲ. ಅವನು ಕಂಡುಕೊಂಡ. 'ಸಿ' ಈ ಬಾರಿ ಪಾಸಾಗಿದೆ. ಎಲೆಕ್ಟ್ರಾನಿಕ್ಸ್ ಬಾಕಿ ಇದೆ, ಅದರ ಮಾತು ಎತ್ತಿದರೆ ಸಿಟ್ಟು ಬರುತ್ತದೆ.

ಕನ್ನಡಕ್ಕೆ ಮಾತ್ರ ರಾತ್ರಿ ಊಟವಾದ ಮೇಲೆ ಅಪ್ಪನ ಮಂಚದ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಿದ್ದ. ವಚನ, ಕೀರ್ತನೆ ಇರುವ ಪುಸ್ತಕ. ಹೋದ ತಿಂಗಳು ನಾನು ಅಲ್ಲಿದ್ದಾಗ ಒಂದು ವಚನದ ಕೊನೆಯ ಪದದ ಹತ್ತಿರ ಅವನು ಆಕಳಿಸಿದ. ಆ ಪದವನ್ನು ಅಳಿಯ ಹೇಳಿದ, ನಿಧಾನವಾಗಿ, ಆದರೆ ಸರಿಯಾಗಿ. ಮಗಳು ಅಡಿಗೆಮನೆಯಿಂದ ಓಡಿ ಬಂದಳು. ಹುಡುಗ ಪುಸ್ತಕ ಮುಚ್ಚಲು ಹೋದರೆ ಅಳಿಯ ಎಡಗೈಯಿಂದ ತಡೆದು, ಪುಟ ತಿರುವು ಎಂದು ಸನ್ನೆ ಮಾಡಿದ.