ಮೊದಲ ವಾರದ ಮಾರಾಟವೂ ಹಾಡಿನ ಆಯುಸ್ಸೂ

ಹಾಡುಗಳ ಗುಣಕ್ಕಿಂತ ಅವುಗಳ ಮಾರಾಟದ ಲೆಕ್ಕವೇ ದೊಡ್ಡ ಸುದ್ದಿಯಾಗುತ್ತಿರುವ ಕಾಲವಿದು. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರು 2025ರ ಅಕ್ಟೋಬರ್ 3ರಂದು ಹೊರತಂದ ‘ದಿ ಲೈಫ್ ಆಫ್ ಎ ಶೋಗರ್ಲ್’ ಎಂಬ ಆಲ್ಬಂ, ಅಮೆರಿಕ ದೇಶವೊಂದರಲ್ಲಿಯೇ ಮೊದಲನೆಯ ವಾರ 40 ಲಕ್ಷ ಪ್ರತಿಗಳಿಗೆ ಸಮನಾದ ಎಣಿಕೆಯನ್ನು ಮುಟ್ಟಿತು. ಅದರಲ್ಲಿ ಹಣ ಕೊಟ್ಟು ಕೊಂಡ ಪ್ರತಿಗಳೇ ಸುಮಾರು 34.8 ಲಕ್ಷ. ಇದಕ್ಕೆ ಮೊದಲು ಆ ದಾಖಲೆ ಇಂಗ್ಲೆಂಡಿನ ಗಾಯಕಿ ಅಡೆಲ್ ಅವರ ಹೆಸರಿನಲ್ಲಿತ್ತು. 2015ರಲ್ಲಿ ಅವರ ‘25’ ಎಂಬ ಆಲ್ಬಂ ಅದೇ ದೇಶದಲ್ಲಿ ಒಂದು ವಾರಕ್ಕೆ ಸುಮಾರು 33.8 ಲಕ್ಷ ಪ್ರತಿ ಮಾರಾಟವಾಗಿತ್ತು. ಅದಕ್ಕೂ ಹಿಂದೆ 2000ದಲ್ಲಿ ‘ಎನ್‌ಸಿಂಕ್’ ಎಂಬ ತರುಣರ ತಂಡ 24 ಲಕ್ಷ ಮಾರಿದ್ದೇ ಪರಮಾವಧಿಯೆಂದು ಜನ ತಿಳಿದಿದ್ದರು.

ದೂರದ ದೇಶದ ಈ ಪೈಪೋಟಿ ನಮಗೇಕೆ ಎಂದು ಕೆಲವರು ಕೇಳಬಹುದು. ಆದರೆ ಅದರ ಗಾಳಿ ನಮ್ಮ ಕಾಲೇಜಿನ ಜಗಲಿಗೂ ಬೀಸಿದೆ. ಒಂದು ಕನ್ನಡ ಚಿತ್ರದ ಹಾಡು ಬಿಡುಗಡೆಯಾದೊಡನೆ ‘ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ಮಂದಿ ನೋಡಿದರು?’ ಎಂಬ ಪ್ರಶ್ನೆ ಮೊದಲು ಹುಟ್ಟುತ್ತದೆ, ‘ಹಾಡು ಹೇಗಿದೆ?’ ಎಂಬುದು ಆಮೇಲಿನ ಮಾತು. ಮೆಚ್ಚಿನ ನಟನ ಲೆಕ್ಕ ಏರಲೆಂದು ಮೊಬೈಲಿನ ಸದ್ದು ಅಡಗಿಸಿ, ಅದೇ ಹಾಡನ್ನು ಇರುಳೆಲ್ಲ ಓಡಿಸಿಡುವ ಅಭಿಮಾನಿಗಳೂ ಉಂಟು. ಯಾರೂ ಕೇಳದ ಹಾಡು ಸಾವಿರ ಸಲ ‘ಕೇಳಿಸಿಕೊಂಡಿತು’ ಎಂದು ದಾಖಲಾಗುವುದು ವಿಚಿತ್ರವಲ್ಲವೇ? ಆದ್ದರಿಂದ ಈ ಲೆಕ್ಕವು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ವಿವೇಚಿಸುವುದು ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಮೊದಲು ಲೆಕ್ಕದ ಬಗೆಯನ್ನು ನೋಡೋಣ. 1991ಕ್ಕೆ ಮುಂಚೆ ಅಮೆರಿಕದಲ್ಲಿ ಅಂಗಡಿಯವರು ಹೇಳಿದ ಅಂದಾಜಿನ ಮೇಲೆಯೇ ಪಟ್ಟಿ ತಯಾರಾಗುತ್ತಿತ್ತು. ಆ ವರ್ಷದಿಂದ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದಾಖಲಾದ ನಿಜವಾದ ಮಾರಾಟವನ್ನೇ ಎಣಿಸತೊಡಗಿದರು. ಮೊದಲ ವಾರದ ದಾಖಲೆಗೆ ಇಷ್ಟೊಂದು ಪ್ರತಿಷ್ಠೆ ಬಂದುದು ಅಲ್ಲಿಂದೀಚೆಗೆ. ಮುಂದೆ ಜನರು ಪ್ರತಿ ಕೊಳ್ಳುವುದನ್ನು ಬಿಟ್ಟು ಅಂತರ್ಜಾಲದಲ್ಲಿ ಕೇಳತೊಡಗಿದಾಗ, 2014ರ ಕೊನೆಯಲ್ಲಿ 1500 ಸಲ ಕೇಳಿದ್ದನ್ನು ಒಂದು ಆಲ್ಬಂ ಮಾರಾಟಕ್ಕೆ ಸಮವೆಂದು ನಿಶ್ಚಯಿಸಿದರು. ಆ ಪ್ರಮಾಣವನ್ನು ಮುಂದೆ ಬದಲಿಸಿದ್ದೂ ಉಂಟು. ಎಂದರೆ ಅಳತೆಗೋಲೇ ಕಾಲಕಾಲಕ್ಕೆ ಬೇರೆಯಾಗಿದೆ. ಬೇರೆ ಬೇರೆ ಕೊಳಗಗಳಲ್ಲಿ ಅಳೆದ ರಾಗಿಯನ್ನು ಒಂದೇ ರಾಶಿಯೆಂದು ಹೋಲಿಸುವುದು ಹೇಗೆ?

ಇನ್ನು ಮಾರುವ ಉಪಾಯಗಳು. ಸ್ವಿಫ್ಟ್ ಅವರ ಆಲ್ಬಮ್ಮನ್ನು ಮೂವತ್ತಕ್ಕೂ ಮಿಕ್ಕ ಬಗೆಗಳಲ್ಲಿ, ಬೇರೆ ಬೇರೆ ಹೊದಿಕೆ ಮತ್ತು ಬಣ್ಣಗಳಲ್ಲಿ ಮಾರಿದರು. ಒಬ್ಬನೇ ಅಭಿಮಾನಿ ಹಲವು ಪ್ರತಿ ಕೊಂಡರೆ ಹಲವು ಮಾರಾಟವೇ ಸರಿ. ದಕ್ಷಿಣ ಕೊರಿಯಾದಲ್ಲಿ ‘ಸೆವೆಂಟೀನ್’ ಎಂಬ ತಂಡದ ಆಲ್ಬಂ 2023ರ ಅಕ್ಟೋಬರಿನಲ್ಲಿ ಮೊದಲ ವಾರವೇ 50 ಲಕ್ಷವನ್ನು ದಾಟಿತು. ಅಲ್ಲಿನ ಆಲ್ಬಮ್ಮುಗಳ ಒಳಗೆ ಗಾಯಕರ ಚಿಕ್ಕ ಭಾವಚಿತ್ರಗಳನ್ನು ಇಟ್ಟಿರುತ್ತಾರೆ. ಯಾವ ಪೊಟ್ಟಣದಲ್ಲಿ ಯಾರ ಚಿತ್ರವಿದೆಯೋ ತಿಳಿಯದು. ಬೇಕಾದದ್ದು ಸಿಗುವವರೆಗೆ ಕೊಳ್ಳುತ್ತಲೇ ಇರಬೇಕು. ಇದು ಮಕ್ಕಳ ಮಿಠಾಯಿ ಅಂಗಡಿಯ ಲಾಟರಿಯನ್ನು ನೆನಪಿಗೆ ತರುತ್ತದೆ.

ಈ ಮೊದಲ ವಾರದ ಮಾರಾಟದಲ್ಲಿ ಬಹುಭಾಗ ಹಾಡನ್ನು ಕೇಳುವ ಮೊದಲೇ ಆದ ಮಾರಾಟವೆಂಬುದನ್ನು ನಾವು ಮರೆಯಬಾರದು. ಕಲಾವಿದರ ಹಿಂದಿನ ಕೃತಿಗಳ ಮೇಲಿನ ಪ್ರೀತಿ, ಹೊಸತರ ಮೇಲಿನ ನಿರೀಕ್ಷೆ, ಪ್ರಚಾರದ ಬಲ ಇವು ಅದರಲ್ಲಿ ಕಾಣುತ್ತವೆ. ಹೊಸ ಹಾಡು ಹೇಗಿದೆಯೆಂಬ ತೀರ್ಪು ಅದರಲ್ಲಿಲ್ಲ.

ಹಾಗೆಂದು ಮೊದಲ ವಾರವನ್ನು ತೀರ ಹಗುರಾಗಿ ಕಾಣುವುದೂ ನ್ಯಾಯವಲ್ಲ. ಕಲಾವಿದರಿಗೂ ಹೊಟ್ಟೆಯಿದೆ. ನಮ್ಮಲ್ಲಿ ಕ್ಯಾಸೆಟ್ಟುಗಳ ಕಾಲದಲ್ಲಿ ಹೊಸ ಹಾಡುಗಳು ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ ನಕಲಿ ಕ್ಯಾಸೆಟ್ಟುಗಳು ಸಂತೆಬೀದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದವು. ನಕಲು ಬರುವುದರೊಳಗೆ ಎಷ್ಟು ಮಾರಿತೋ ಅಷ್ಟೇ ಲಾಭ. ಹಣ ಹೂಡಿದವನಿಗೆ ಮೊದಲ ವಾರವು ಜೀವನ್ಮರಣದ ಪ್ರಶ್ನೆಯಾಗಿದ್ದುದು ಸಹಜವೇ.

ನಮ್ಮ ಸೀಮೆಯವರಿಗೆ ಇದನ್ನು ರೇಷ್ಮೆಯ ದೃಷ್ಟಾಂತದಿಂದ ಹೇಳಬಹುದು. ಅಕ್ಕೂರಿನ ಸುತ್ತಿನ ರೈತರು ಚಂದ್ರಂಕಿಯಿಂದ ಗೂಡು ಬಿಡಿಸಿದ ಮೇಲೆ ರಾಮನಗರದ ಮಾರುಕಟ್ಟೆಗೆ ಓಡುವುದನ್ನು ಯಾರು ಕಂಡಿಲ್ಲ? ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ಅಂಥ ಗೂಡಿನಿಂದ ಎಳೆ ಬಿಚ್ಚಲಾಗದು. ಗೂಡಿಗೆ ಕೆಲವು ದಿನಗಳ ಆಯುಸ್ಸು. ಅದರ ಬೆಲೆ ಆ ದಿನಗಳಲ್ಲಿಯೇ ತೀರ್ಮಾನವಾಗಬೇಕು. ಆದರೆ ಹರಾಜಿನಲ್ಲಿ ಹೆಚ್ಚು ಬೆಲೆಗೆ ಹೋದ ಗೂಡು ಎಷ್ಟು ನೂಲು ಕೊಡುತ್ತದೆಂಬುದು ರೀಲರು ಅದನ್ನು ಬಿಚ್ಚಿದ ಮೇಲೆಯೇ ತಿಳಿಯುವುದು. ಹಾಡನ್ನು ವ್ಯಾಪಾರಿ ಗೂಡಿನಂತೆ ಮಾರುತ್ತಾನೆ, ಮಾರಲಿ. ಕೇಳುಗರಾದ ನಾವು ನೂಲನ್ನು ನೋಡಬೇಕಾದವರು.

ಕನ್ನಡದ ಉದಾಹರಣೆಗಳು ಇದನ್ನೇ ಸಾರುತ್ತವೆ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿ ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದನ್ನು ಗುರುತಿಸುತ್ತಾರೆ. ಮೊದಲ ವಾರ ಅದೆಷ್ಟು ಮಾರಿತೆಂದು ಇಂದು ಯಾರೂ ಕೇಳುವುದಿಲ್ಲ. ಆದರೆ ನವೆಂಬರ್ ಒಂದರಂದು ಶಾಲಾ ಮಕ್ಕಳು ಅದರ ಹೆಸರಿನ ಹಾಡನ್ನು ಇಂದಿಗೂ ಹಾಡುತ್ತಾರೆ. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ನಾಡಗೀತೆಗೆ ಅವರು ಹಾಕಿದ ಧಾಟಿಯನ್ನೇ ಸರ್ಕಾರ 2022ರಲ್ಲಿ ಅಧಿಕೃತವೆಂದು ಒಪ್ಪಿತು. ಒಂದು ರಾಗಕ್ಕೆ ಸಲ್ಲಬೇಕಾದ ಮನ್ನಣೆ ಅದನ್ನು ಕಟ್ಟಿದವರು ಹೋದ ಇಪ್ಪತ್ತೇಳು ವರ್ಷಗಳ ಮೇಲೆ ಬಂತೆಂದರೆ, ವಾರದ ಲೆಕ್ಕಕ್ಕೆ ಬೆಲೆಯೆಷ್ಟು?

ಇನ್ನೂ ಹತ್ತಿರಕ್ಕೆ ಬನ್ನಿ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನ ಗುಡಿಯಿದೆ. ಪುರಂದರದಾಸರು ಈ ಬಾಲಕೃಷ್ಣನನ್ನು ಕಂಡು ‘ಜಗದೋದ್ಧಾರನ’ ಎಂಬ ದೇವರನಾಮವನ್ನು ರಚಿಸಿದರೆಂಬುದು ಅಲ್ಲಿನ ಐತಿಹ್ಯ. ದಾಸರ ಕಾಲ ಹದಿನಾರನೆಯ ಶತಮಾನ. ಅಂದು ಅಚ್ಚಿನ ಮನೆಯಿಲ್ಲ, ಧ್ವನಿಮುದ್ರಣವಿಲ್ಲ, ಮಾರಾಟವಂತೂ ಮೊದಲೇ ಇಲ್ಲ. ತಾಯಿಯ ಬಾಯಿಂದ ಮಗಳಿಗೆ, ಗುರುವಿನಿಂದ ಶಿಷ್ಯನಿಗೆ ದಾಟಿ ಆ ಹಾಡು ಇಂದಿನ ಸಂಗೀತ ಕಚೇರಿಗೆ ಬಂದು ಮುಟ್ಟಿದೆ. ಕೇಳಿದವನು ತಾನೂ ಹಾಡಬೇಕೆಂದು ಬಯಸುವುದೇ ಹಾಡಿನ ನಿಜವಾದ ಮಾರಾಟವೆಂದು ನನ್ನ ಅಭಿಪ್ರಾಯ.

ಆದರೆ ಎಲ್ಲ ಹಾಡುಗಳಿಗೂ ಈ ಭಾಗ್ಯವಿಲ್ಲ. ರಾಗಿ ಬೀಸುವಾಗ, ನಾಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಡಿಯಲ್ಲಿ ನಮ್ಮ ಅಜ್ಜಿಯರು ಹೇಳುತ್ತಿದ್ದ ಪದಗಳಿಗೆ ಮೊದಲ ವಾರವೆಂಬುದೇ ಇರಲಿಲ್ಲ. ಕಡೆಯ ವಾರ ಮಾತ್ರ ಬರುತ್ತಿದೆ. ಬೀಸುವ ಕಲ್ಲು ಹಿತ್ತಿಲು ಸೇರಿತು, ಗಿರಣಿ ಬಂತು, ಪದ ನಿಂತಿತು. ಈ ನಷ್ಟವನ್ನು ಮುಂಚೆಯೇ ಕಂಡವರು ಎಚ್. ಎಲ್. ನಾಗೇಗೌಡರು. ಅವರು ಹಳ್ಳಿಹಳ್ಳಿಯ ಹಾಡುಗಾರರ ಪದಗಳನ್ನು ಸಂಗ್ರಹಿಸಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಬಸ್ಸಿಳಿದು ಅದನ್ನು ನೋಡಿದ್ದೇವೆ?

ಒಬ್ಬರು ಮಾಡಿದ ಕೆಲಸ ಎಲ್ಲ ಊರುಗಳಿಗೂ ಸಾಲದು. ಆದ್ದರಿಂದ ನನ್ನದೊಂದು ಸೂಚನೆ. ಬರುವ ಬೇಸಗೆ ರಜೆಯಲ್ಲಿ ನಮ್ಮ ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ನೆರೆಮನೆಯ ಹಿರಿಯರಿಂದ ಒಂದೇ ಒಂದು ಪದವನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಧ್ವನಿಮುದ್ರಿಸಿ ತರಲಿ. ಹಾಡಿದವರ ಹೆಸರು, ಊರು, ಯಾವ ಕೆಲಸದ ಹೊತ್ತಿನಲ್ಲಿ ಆ ಪದ ಹೇಳುತ್ತಿದ್ದರೆಂಬ ವಿವರ, ಹಾಡಿನ ಪೂರ್ಣ ಪಾಠ ಇಷ್ಟನ್ನು ಬರೆದುಕೊಳ್ಳಲಿ. ಕನ್ನಡ ವಿಭಾಗದ ಅಧ್ಯಾಪಕರು ಪಾಠವನ್ನು ತಿದ್ದಿ, ಗ್ರಂಥಾಲಯದಲ್ಲಿ ಒಂದು ದಪ್ಪ ನೋಟುಪುಸ್ತಕವನ್ನೂ ಧ್ವನಿಮುದ್ರಣಗಳ ಸಂಗ್ರಹವನ್ನೂ ಕಾಯ್ದಿರಿಸಲಿ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ. ಮೆಚ್ಚಿನ ನಟನಿಗಾಗಿ ಇರುಳೆಲ್ಲ ಮೊಬೈಲು ಓಡಿಸುವ ಉತ್ಸಾಹದಲ್ಲಿ ನೂರರಲ್ಲಿ ಒಂದು ಪಾಲು ಸಾಕು.

ಹೊಸ ಹಾಡುಗಳನ್ನು ನಾವು ಕೇಳೋಣ, ಕೊಳ್ಳೋಣ, ಕಲಾವಿದರನ್ನು ಮನಸಾರ ಮೆಚ್ಚೋಣ. ಮೊದಲ ವಾರದ ದಾಖಲೆಯನ್ನು ವ್ಯಾಪಾರಿಗಳು ಬರೆದಿಟ್ಟುಕೊಳ್ಳುತ್ತಾರೆ; ಅದಕ್ಕೆ ನಮ್ಮ ನೆರವು ಬೇಡ. ಅಜ್ಜಿಯ ಪದಗಳ ಲೆಕ್ಕವನ್ನು ಬರೆದಿಡಲು ಮಾತ್ರ ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ, ಹೆಚ್ಚು ಕಾಲವೂ ಉಳಿದಿಲ್ಲ.