ಸುದ್ದಿ ಪಕ್ಕಕ್ಕೂ ಹೋಗಲಿ

ಸೇನೆಯ ಮೂರೂ ಅಂಗಗಳನ್ನು, ಒಂದೊಂದು ಪ್ರದೇಶಕ್ಕೆ ಒಬ್ಬನೇ ದಂಡನಾಯಕನಿರುವ ಥಿಯೇಟರ್ ಕಮಾಂಡುಗಳಡಿ ತರುವ ಮಾತು ದಿಲ್ಲಿಯಲ್ಲಿ ವರ್ಷಗಳಿಂದ ನಡೆದಿದೆ. ಕಾರ್ಗಿಲ್ ಆದಮೇಲೆ ಸಚಿವರ ತಂಡ 2001ರಲ್ಲೇ ಕೇಳಿದ್ದ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಗೆ ಜನರಲ್ ಬಿಪಿನ್ ರಾವತ್ ಬಂದು ಕೂತದ್ದು 2020ರ ಜನವರಿ 1ರಂದು. ಟಿವಿಯ ಚರ್ಚೆಯೆಲ್ಲ ಯಾರ ಕೈಕೆಳಗೆ ಯಾರು ಎಂಬುದರ ಸುತ್ತಲೇ. ನಮ್ಮೂರು ಕಂದಿಕೆರೆಯಲ್ಲಿ ಕೂತ ನನ್ನ ಪ್ರಶ್ನೆ ಬೇರೆ: ಒಬ್ಬ ಅಧಿಕಾರಿಗೆ ಗೊತ್ತಾದದ್ದು ಪಕ್ಕದವನಿಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ?

1791ರ ಮೇ ತಿಂಗಳನ್ನು ನೋಡಿ. ಅರಕೆರೆ ಬಳಿ ಟಿಪ್ಪುವನ್ನು ಹಿಮ್ಮೆಟ್ಟಿಸಿದ ಬ್ರಿಟಿಷರ ದಂಡನಾಯಕ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಆದರೆ ಫಿರಂಗಿ ಎಳೆಯುವ ಎತ್ತುಗಳು ಸಾಯುತ್ತಿದ್ದವು, ದಂಡಿನಲ್ಲಿ ಅಕ್ಕಿಗೆ ಬರ, ಮೇಲಿಂದ ಸಿಡುಬು. ನಂಬಿಕೊಂಡಿದ್ದ ಮರಾಠರು ಎಲ್ಲಿದ್ದಾರೆಂಬ ಸುಳಿವೇ ಇಲ್ಲ. ಕೋಟೆ ಒಡೆಯಲು ಹೊತ್ತು ತಂದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ವಾಪಸ್ ಹೊರಟ. ಮೇ 26ರಂದು ಇನ್ನೂ ಕೆಲವೇ ಮೈಲಿ ನಡೆದಿರಬೇಕು, ಎದುರಿಗೆ ಕುದುರೆ ದಂಡು! ಟಿಪ್ಪುವಿನವರೇ ಎಂದು ಕಾದಾಟಕ್ಕೆ ಅಣಿಯಾದರು. ನೋಡಿದರೆ ಬಂದವರು ಮರಾಠರು. ಪರಶುರಾಮ ಭಾವೂ ಧಾರವಾಡದ ಕಡೆಯಿಂದ, ಹರಿಪಂತ ಫಡಕೆ ನಮ್ಮ ಪಕ್ಕದ ಶಿರಾ ಕಡೆಯಿಂದ ಬಂದು ಮೇಲುಕೋಟೆಯ ಸುತ್ತಿಗೆ ತಲುಪಿದ್ದರು. ನಾಲ್ಕು ದಿನ ಮುಂಚೆ ಗೊತ್ತಾಗಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವು.

ಸುದ್ದಿಗೆ ಅಡ್ಡ ನಿಂತವರು ಟಿಪ್ಪುವಿನ ಹಗುರ ಕುದುರೆ ಸವಾರರು. ಸಣ್ಣ ಸಣ್ಣ ಗುಂಪಾಗಿ ದಾರಿ ಕಾದು ಓಲೆಕಾರರನ್ನು ಹಿಡಿದರು. ಯಾವ ತಿರುವಿನಲ್ಲಿ ಹೊಂಚು ಹಾಕಬೇಕೆಂದು ಪ್ರತಿ ಗುಂಪಿಗೂ ಶ್ರೀರಂಗಪಟ್ಟಣದಿಂದ ಅಪ್ಪಣೆ ಬರಲು ಸಾಧ್ಯವೇ? ಒಂದು ಓಲೆಯೂ ದಾಟಕೂಡದು ಎಂಬ ಉದ್ದೇಶ ತಲೆಗೆ ಹೋಗಿದ್ದರೆ ಸಾಕಿತ್ತು.

ತಿಳಿಯಬೇಕಾದ್ದನ್ನು ಎಲ್ಲರಿಗೂ ತಿಳಿಸಿ, ತೀರ್ಮಾನವನ್ನು ಸ್ಥಳದಲ್ಲಿದ್ದವನಿಗೆ ಬಿಡುವ ಈ ಗುಟ್ಟನ್ನು ನಮ್ಮ ಕಡೆಯ ತೆಂಗಿನ ರೈತನಿಗೆ ಹೇಳಿಕೊಡಬೇಕಿಲ್ಲ. ತಿಪಟೂರಿನ ಹರಾಜಿನಲ್ಲಿ ಉಂಡೆ ಕೊಬ್ಬರಿ ಎಷ್ಟಕ್ಕೆ ಹೋಯಿತೆಂಬುದು ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿ. ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ ನೋಡಿ, ಈಗ ಸುಲಿಸುವುದೋ ಇನ್ನೊಂದು ತಿಂಗಳು ಬಿಡುವುದೋ ಎಂದು ತೀರ್ಮಾನಿಸುವವರು ಮಾತ್ರ ಆಯಾ ಮನೆಯವರು. ದರ ಎಲ್ಲರಿಗೂ ಒಂದೇ, ಲೆಕ್ಕಾಚಾರ ಅವರವರದು.

ಸರ್ಕಾರಗಳಿಗೆ ಮಾತ್ರ ಸುದ್ದಿ ಮೇಲಕ್ಕೇ ಹೋಗಬೇಕು. ಚಿಕ್ಕದೇವರಾಜ ಒಡೆಯರ ಅಂಚೆಯವರು ಊರೂರಿನ ಗುಟ್ಟನ್ನು ದೊರೆಗೆ ಮುಟ್ಟಿಸುತ್ತಿದ್ದರಂತೆ, ಪಕ್ಕದ ಊರಿಗಲ್ಲ.

ಮೇಲೆ ಹೋದ ಸುದ್ದಿ ಅಲ್ಲೇ ಕೂತರೆ ಏನಾಗುತ್ತದೆಂಬುದಕ್ಕೆ 1962ರ ಅಕ್ಟೋಬರ್ ಇದೆ. ಈಶಾನ್ಯ ಗಡಿಯ ನಾಮ್ಕಾ ಚು ಹೊಳೆಯುದ್ದಕ್ಕೂ ಏಳನೇ ಬ್ರಿಗೇಡನ್ನು ತೆಳ್ಳಗೆ ಹರಡಿ ನಿಲ್ಲಿಸಿದ್ದರು. ಅಲ್ಲಿ ನಿಲ್ಲಲಾಗದೆಂದು ಬ್ರಿಗೇಡಿಯರ್ ಜಾನ್ ದಳವಿ ಹೇಳುತ್ತಲೇ ಇದ್ದರು; ಹಿಂದೆ ಸರಿಯಲು ಅನುಮತಿ ಸಿಗಲಿಲ್ಲ. ಅವರ ಮೇಲಿನ ಜನರಲ್ ಕೌಲ್ ಎತ್ತರದ ಹವೆಗೆ ಕಾಯಿಲೆ ಬಿದ್ದು ದಿಲ್ಲಿಗೆ ಹೋದವರು, ಅಧಿಕಾರ ಬಿಟ್ಟುಕೊಡದೆ ಮನೆಯ ಹಾಸಿಗೆಯಿಂದಲೇ ಆಜ್ಞೆ ಕೊಡುತ್ತಿದ್ದರು. 20ರ ಬೆಳಗ್ಗೆ ಚೀನೀಯರು ಶೆಲ್ ಸುರಿಸಿದರು, ಟೆಲಿಫೋನ್ ತಂತಿಗಳು ತುಂಡಾದವು. 22ರಂದು ದಳವಿ ಸೆರೆಯಾದರು. ಅವರ ಪುಸ್ತಕ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದಲ್ಲಿ ಕನ್ನಡದಲ್ಲೂ ಇದೆ.

ಇವತ್ತು ಡ್ರೋನ್ ಇದೆ, ಉಪಗ್ರಹ ಇದೆ, ಎಲ್ಲ ಸರಿಹೋಯಿತು ಅನ್ನುವವರಿದ್ದಾರೆ. ನನಗೆ ಅನುಮಾನ. ಬರೀ ತಂತಿಯ ಕಾಲದಲ್ಲೇ ಕೌಲ್ ಅಷ್ಟು ಕೈಹಾಕಿದರು; ಕಾವಲು ಠಾಣೆಯ ಜವಾನ ದಿಲ್ಲಿಯ ಪರದೆಯ ಮೇಲೆ ನೇರವಾಗಿ ಕಾಣುವಾಗ ಕೈಕಟ್ಟಿ ಕೂರುವ ಜನರಲ್ ಎಷ್ಟು ಮಂದಿ? ಥಿಯೇಟರ್ ಕಮಾಂಡಿನ ಯೋಜನೆಯಲ್ಲಿ ನಾಗರಿಕನಾಗಿ ನಾನು ಕೇಳುವುದು ಎರಡೇ: ಡ್ರೋನ್ ಕಂಡದ್ದು ದಿಲ್ಲಿಗೆ ಹೋಗುವ ಹೊತ್ತಿಗೇ ಪಕ್ಕದ ಬ್ರಿಗೇಡಿಗೂ ಮುಟ್ಟುತ್ತದೆಯೇ? ತಂತಿ ತುಂಡಾದ ದಿನ ಹಿಂದೆ ಸರಿಯುವ ತೀರ್ಮಾನ ಯಾರನ್ನೂ ಕೇಳದೆ ಮಾಡುವ ಅಧಿಕಾರ ಯಾರ ಬಳಿ ಇರುತ್ತದೆ?